ಯಾವ ಹೊಸಹಳ್ಳಿ?

ಬ್ರೂಕ್ಲಿನ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಹುಳಿಪುಡಿ ಮೊನ್ನೆ ತಲುಪಿತು, ಡಬ್ಬ ಒಡೆದಿರಲಿಲ್ಲ. ಪುಟ್ಟಿಯ ಶೀತ ಕಡಿಮೆಯಾಗಿದೆ. ಇಷ್ಟು ಹೇಳೋಕೆ ಫೋನೇ ಸಾಕಿತ್ತು, ನಿಜ. ಆದರೆ ಈ ಪತ್ರ ನಿನಗೊಬ್ಬಳಿಗೇ ಅಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಕೊಂಡು ಅರಸೀಕೆರೆಗೆ ಹೋಗಿ, ದೊಡ್ಡತ್ತೆಯ ಪಕ್ಕದಲ್ಲಿ ಕೂತು ಓದಬೇಕು. ಫೋನಿನಲ್ಲಿ ಅವರಿಗೆ ನನ್ನ ಮಾತು ಕೇಳಿಸುವುದೇ ಇಲ್ಲ. ಅವರ ಹತ್ತಿರ ಏನು ಕೆಲಸ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಂದು ಕಥೆ ಇದೆ.

ನಮ್ಮ ಕೆಳಗಿನ ಮನೆಯ ಅಜ್ಜಿ ನೆನಪಿದ್ದಾರಲ್ಲ? ನೀನು ಬಂದಾಗ ನಿನ್ನ ಚಕ್ಕುಲಿಯನ್ನು ಟೀಯಲ್ಲಿ ಅದ್ದಿ ತಿಂದರಲ್ಲ, ಅವರೇ. ಅವರ ನಡುಮನೆಯ ಗೋಡೆಯ ಮೇಲೆ ಗುರಾಣಿ, ಕಿರೀಟ ಇರುವ ಒಂದು ಚಿತ್ರ ನೇತು ಹಾಕಿದ್ದರು. ಅದು ತಮ್ಮ ವಂಶದ ಲಾಂಛನ, ನಮ್ಮ ಹಿರಿಯರು ಫ್ರಾನ್ಸಿನ ಶ್ರೀಮಂತ ಸೇನಾಧಿಕಾರಿಗಳು ಅಂತ ಅವರ ಅಪ್ಪ ಹೇಳುತ್ತಿದ್ದರಂತೆ. ಹೋದ ಚಳಿಗಾಲದಲ್ಲಿ ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಬಂದರು. "ನನ್ನ ಮೂಲ ಅಜ್ಜಿಯನ್ನು ಹುಡುಕಬೇಕು, ಈ ಯಂತ್ರ ನನ್ನ ಮಾತು ಕೇಳುತ್ತಿಲ್ಲ" ಅಂದರು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ನಾಲ್ಕು ತಿಂಗಳಾಯಿತು. ನನ್ನ ಗಂಡ ಈಗ ಅಡುಗೆ ಕಲಿತಿದ್ದಾನೆ.

ಆ ಮೂಲ ಅಜ್ಜಿಯ ಹೆಸರು ಕ್ಯಾಟಲಿನಾ ಟ್ರೀಕೊ. ವಲೂನ್ ಹೆಂಗಸು. ವಲೂನ್ ಸೀಮೆ ಅಂದರೆ ಈಗಿನ ಬೆಲ್ಜಿಯಂನ ದಕ್ಷಿಣ ಭಾಗ, ಜೊತೆಗೆ ಫ್ರಾನ್ಸಿನ ಉತ್ತರದ ಅಂಚು. ಫ್ರೆಂಚಿಗೆ ಹತ್ತಿರದ ಮಾತು. 1600ರ ಸುಮಾರಿಗೆ ಅಲ್ಲಿ ಕ್ಯಾಥೊಲಿಕ್ ಪಂಥದ ಸ್ಪೇನ್ ರಾಜಮನೆತನದ ಆಳ್ವಿಕೆ. ಪ್ರಾಟೆಸ್ಟಂಟರಾದವರಿಗೆ ಅಲ್ಲಿ ಉಳಿಗಾಲವಿಲ್ಲ. ಹಾಗಾಗಿ ತುಂಬ ಜನ ಮಗ್ಗ, ಮಕ್ಕಳು ಎಲ್ಲ ಕಟ್ಟಿಕೊಂಡು ಹಾಲೆಂಡಿನ ಊರುಗಳಿಗೆ ಹೋದರು. 1621ರಲ್ಲಿ ಲೈಡನ್ ಊರಿನಲ್ಲಿ ಜೆಸ್ಸೆ ಡಿ ಫಾರೆಸ್ಟ್ ಎಂಬ ಬಟ್ಟೆಗೆ ಬಣ್ಣ ಹಾಕುವವನು 56 ಕುಟುಂಬಗಳ ಪರವಾಗಿ ಇಂಗ್ಲಿಷ್ ರಾಯಭಾರಿಗೆ ಅರ್ಜಿ ಕೊಟ್ಟ, ಅಮೆರಿಕದಲ್ಲಿ ನಮಗೂ ಜಾಗ ಕೊಡಿ ಅಂತ. ಎಲ್ಲರೂ ದುಂಡಗೆ, ಚಕ್ರದ ಹಾಗೆ ಸಹಿ ಹಾಕಿದ್ದಾರೆ. ನೋಡಿದರೆ ರಂಗೋಲಿ ಅನ್ನಬೇಕು. ಇಂಗ್ಲಿಷರ ಜೊತೆ ಅದು ಕುದುರಲಿಲ್ಲ. ಕೊನೆಗೆ ಡಚ್ಚರ ವೆಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ವಲೂನರು ಈ ಕಡೆ ಬಂದರು.

ಕ್ಯಾಟಲಿನಾ ಮೊದಲು ಸಿಗುವುದು ಆಮ್‌ಸ್ಟರ್‌ಡ್ಯಾಮ್ ನಗರದ ಮದುವೆ ಪುಸ್ತಕದಲ್ಲಿ. 1624ರ ಜನವರಿ. ಹುಡುಗ ಯೋರಿಸ್ ರಾಪಾಲ್ಯೆ, 19 ವರ್ಷ, ವಾಲೆನ್ಸಿಯೆನ್ ಊರಿನವನು, ಬೊರಾಟ್ ಎಂಬ ತೆಳು ಬಟ್ಟೆ ನೇಯುವ ಕೆಲಸ. ಹುಡುಗಿಗೆ 18. ಇಬ್ಬರಿಗೂ ಸಹಿ ಬಾರದು, ಗುರುತು ಹಾಕಿದ್ದಾರೆ. ಆ ಪುಟವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ನಮ್ಮ ಹಳೆಯ ಶ್ಯಾನುಭೋಗರ ಅಕ್ಷರವೇ ವಾಸಿ ಅನ್ನಿಸಿತು. ಒಂದಕ್ಷರದ ಬಾಲ ಕೆಳಗಿನ ಸಾಲಿಗೆ ಇಳಿದು ಇನ್ನೊಂದಕ್ಷರದ ಹೊಟ್ಟೆ ಸೀಳಿರುತ್ತದೆ. ಒಂದೇ ಸಾಲನ್ನು ಎರಡು ಸಂಜೆ ಓದಿದ್ದೇನೆ.

ಮದುವೆಯಾದ ಕೆಲವೇ ದಿನಕ್ಕೆ ಗಂಡ ಹೆಂಡತಿ ಹಡಗು ಹತ್ತಿದರು. ಹಡಗಿನ ಹೆಸರಿನ ಅರ್ಥ ಒಗ್ಗಟ್ಟು. ಹದಿನೆಂಟು ವರ್ಷದ ಹುಡುಗಿ, ಅಮ್ಮಾ. ನಾನು ಇಲ್ಲಿಗೆ ಹೊರಟಾಗ ನನಗೆ ಇಪ್ಪತ್ತೇಳು, ಕೈಯಲ್ಲಿ ವಾಪಸ್ ಟಿಕೆಟ್ ಬೇರೆ ಇತ್ತು. ಆದರೂ ವಿಮಾನ ನಿಲ್ದಾಣದಲ್ಲಿ ಹೇಗೆ ಅತ್ತೆ ಅಂತ ನಿನಗೆ ಗೊತ್ತು.

ಆಮೇಲಿನದನ್ನು ಅವಳ ಬಾಯಿಂದಲೇ ಕೇಳಬಹುದು. 1688ರ ಅಕ್ಟೋಬರ್ 17ರಂದು ವಿಲಿಯಂ ಮಾರಿಸ್ ಎಂಬ ನ್ಯಾಯಾಧಿಕಾರಿ ಅವಳ ಮನೆಗೇ ಬಂದು ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಂಡ. ಆಗ ಇಲ್ಲಿ ಇಂಗ್ಲಿಷರ ಆಡಳಿತ ಬಂದಿತ್ತು. ಡಚ್ಚರ ಕಾಲದ ಆರಂಭವನ್ನು ಕಣ್ಣಾರೆ ಕಂಡವರು ಎಷ್ಟು ಜನ ಉಳಿದಿರುತ್ತಾರೆ ಹೇಳು. ಹಡಗಿನಲ್ಲಿ ಹತ್ತಿರ ಹತ್ತಿರ ಹದಿನೆಂಟು ಕುಟುಂಬ ಇದ್ದವು, ಹಡ್ಸನ್ ಹೊಳೆಯಲ್ಲಿ ಮೇಲಕ್ಕೆ ಹೋಗಿ ಈಗಿನ ಆಲ್ಬನಿಯಲ್ಲಿ ಇಳಿದೆವು, ಸಣ್ಣ ಕೋಟೆ ಮಾಡಿಕೊಂಡೆವು, ಮರದ ತೊಗಟೆಯಿಂದ ಗುಡಿಸಲು ಕಟ್ಟಿದೆವು ಅನ್ನುತ್ತಾಳೆ. ಅಲ್ಲಿಯ ಮೂಲ ಜನ ಬೀವರ್ ಚರ್ಮದ ಕಾಣಿಕೆ ಹೊತ್ತು ಬಂದು ಸ್ನೇಹದ ಒಪ್ಪಂದ ಮಾಡಿಕೊಂಡರಂತೆ. ತಾನು ಅಲ್ಲಿದ್ದ ಮೂರು ವರ್ಷವೂ ಅವರು ಕುರಿಮರಿಗಳ ಹಾಗೆ ಸೌಮ್ಯವಾಗಿದ್ದರು ಅಂತಲೂ ಹೇಳಿದ್ದಾಳೆ.

ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಯಾಕೆಂದರೆ 1643ರಲ್ಲಿ ಇಲ್ಲಿನ ಡಚ್ ಅಧಿಕಾರಿ ಕೀಫ್ಟ್ ರಾತ್ರೋರಾತ್ರಿ ಸೈನಿಕರನ್ನು ಕಳಿಸಿ ಈ ಕಡೆಯ ಲೆನಾಪೆ ಎಂಬ ಮೂಲ ಜನರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದ. ಕ್ಯಾಟಲಿನಾಳ ಗಂಡ 1637ರಲ್ಲಿ ಕೊಂಡ ಜಮೀನೂ ಲೆನಾಪೆ ಜನರದ್ದೇ, ಸುಮಾರು 335 ಎಕರೆ. ಅದನ್ನು ಬಿಟ್ಟುಕೊಟ್ಟ ಮನೆಗಳ ಹೆಂಗಸರನ್ನು ಯಾವ ಪುಸ್ತಕದಲ್ಲಿ ಹುಡುಕುವುದು? ಕೆಳಗಿನ ಮನೆ ಅಜ್ಜಿಗೂ ಇದನ್ನು ಹೇಳಿದೆ. ಅವರು ಸುಮ್ನೆ ತಲೆ ಆಡಿಸಿದರು.

ಇರಲಿ. ಕ್ಯಾಟಲಿನಾ ಆಲ್ಬನಿಯಲ್ಲಿದ್ದಾಗಲೇ, 1625ರ ಜೂನ್ 9ರಂದು ಮೊದಲ ಮಗಳು ಸಾರಾ ಹುಟ್ಟಿದಳು. ಆ ಡಚ್ ಸೀಮೆಯಲ್ಲಿ ಹುಟ್ಟಿದ ಮೊದಲ ಯೂರೋಪಿಯನ್ ಹೆಣ್ಣುಮಗು ಅವಳು. ಒಟ್ಟು ಹನ್ನೊಂದು ಮಕ್ಕಳು. 1626ರಲ್ಲಿ ಮ್ಯಾನ್‌ಹಟನ್‌ಗೆ ಬಂದರು, ಆಮೇಲೆ ಹೊಳೆ ದಾಟಿ ಬ್ರೂಕ್ಲಿನ್ ಕಡೆಗೆ. 1680ರಲ್ಲಿ ಯಾಸ್ಪರ್ ಡಾಂಕಾರ್ಟ್ಸ್ ಎಂಬ ಪ್ರವಾಸಿ ಅವಳನ್ನು ನೋಡಲು ಹೋಗಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ: 74 ವರ್ಷದ ಮುದುಕಿ, ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳು ಸೇರಿ 145 ಜನ, ಬೇಗ 150 ಆಗುತ್ತದೆ. ಆದರೂ ಎಲ್ಲರಿಂದ ಸ್ವಲ್ಪ ದೂರದಲ್ಲಿ, ಒಬ್ಬಳೇ, ತನ್ನ ಪುಟ್ಟ ಕೈತೋಟ ನೋಡಿಕೊಂಡು ಇದ್ದಳು. ಇವಳಿಗೆ ಪ್ರಪಂಚದ ಮೇಲೆ ಆಸೆ ಜಾಸ್ತಿ ಅಂತ ಆ ಧರ್ಮಭೀರು ಮನುಷ್ಯ ಮೂಗು ಮುರಿದಿದ್ದಾನೆ. ನನಗೆ ಅವಳು ಇಷ್ಟವಾಗಿದ್ದೇ ಅಲ್ಲಿ. ನಮ್ಮ ದೊಡ್ಡತ್ತೆಯೂ ಮಗನ ಮನೆ ಪಕ್ಕದಲ್ಲೇ ಇದ್ದರೂ ಬೇರೆ ಒಲೆ ಹೂಡಿಕೊಂಡವರೇ ಅಲ್ವಾ!

ಈಗ ನಾವು ಸಿಕ್ಕಿಹಾಕಿಕೊಂಡ ಜಾಗಕ್ಕೆ ಬರುತ್ತೇನೆ. ಅವಳು ಯಾವ ಊರಿನವಳು? 1688ರ ಹೇಳಿಕೆಯಲ್ಲಿ "ಪ್ಯಾರಿಸ್‌ನಲ್ಲಿ ಹುಟ್ಟಿದವಳು" ಎಂದಿದೆ. ಡಾಂಕಾರ್ಟ್ಸ್ ವಾಲೆನ್ಸಿಯೆನ್ ಅನ್ನುತ್ತಾನೆ, ಅದು ಅವಳ ಗಂಡನ ಊರು. ಆಮ್‌ಸ್ಟರ್‌ಡ್ಯಾಮ್ ಪುಸ್ತಕದಲ್ಲಿ ಪ್ರಿಸ್ ಎಂಬ ಊರಿನ ಹೆಸರಿನ ಜೊತೆಗೆ "ವಲೂನ್ ಸೀಮೆಯ" ಎಂಬ ಎರಡು ಮಾತು ಸೇರಿಸಿದ್ದಾರೆ. ತಮಾಷೆ ನೋಡು. ಮೂರು ಕಡೆ ಹೇಳಿದ ವಯಸ್ಸಿನಿಂದ ಲೆಕ್ಕ ಹಾಕಿದರೆ ಹುಟ್ಟಿದ ವರ್ಷ 1605ರ ಆಸುಪಾಸಿಗೇ ಬರುತ್ತದೆ, ಒಂದು ವರ್ಷ ಆಚೀಚೆ. ಅಂದರೆ ಮುದುಕಿಯ ಲೆಕ್ಕ ಗಟ್ಟಿ. ಹಡಗು ಹತ್ತಿದ್ದು 1623ರಲ್ಲಿ ಅಂತ ಹೇಳಿಕೆಯಲ್ಲಿರುವುದಕ್ಕೂ ನನ್ನದೊಂದು ಊಹೆ ಇದೆ. ಆಗಿನ ಇಂಗ್ಲಿಷರಿಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ನಮ್ಮ ಯುಗಾದಿ ಹೊತ್ತಿಗೆ. 1624ರ ಜನವರಿ ಅವರ ಲೆಕ್ಕಕ್ಕೆ ಇನ್ನೂ 1623. ವಯಸ್ಸು ಸರಿ, ವರ್ಷವೂ ಸರಿ. ಊರು ಮಾತ್ರ ಮೂರು ಕಡೆ ಮೂರು ಥರ.

ಬಿಡಿಸಿದ್ದು ಆ ಎರಡು ಮಾತು. ಪ್ಯಾರಿಸ್ ವಲೂನ್ ಸೀಮೆಯಲ್ಲಿ ಇಲ್ಲವೇ ಇಲ್ಲ. ಹಾಗಾದರೆ ವಲೂನ್ ಸೀಮೆಯಲ್ಲಿ ಪ್ಯಾರಿಸ್ ಥರ ಕೇಳಿಸುವ ಊರು ಯಾವುದಿದೆ? ವಂಶ ಹುಡುಕುವುದರಲ್ಲಿ ಪಳಗಿದವರು ನಮಗಿಂತ ಎಷ್ಟೋ ಮೊದಲೇ ಉತ್ತರ ಕಂಡುಹಿಡಿದಿದ್ದರು: ಪ್ರಿಶ್. ಹಳೆಯ ಎನೋ ಪ್ರಾಂತ್ಯದ ಸಣ್ಣ ಹಳ್ಳಿ, ಈಗ ಫ್ರಾನ್ಸಿನಲ್ಲಿದೆ, ಬೆಲ್ಜಿಯಂ ಗಡಿಗೆ ಹತ್ತಿರ. ಮುದುಕಿ ಪ್ರಿಶ್ ಅಂದಿದ್ದಾಳೆ. ಬರೆದುಕೊಳ್ಳುವವನಿಗೆ ಗೊತ್ತಿದ್ದದ್ದು ಪ್ಯಾರಿಸ್. ಬರೆದುಬಿಟ್ಟ. ಓದಲು ಬಾರದವಳು ಅದನ್ನು ತಿದ್ದುವುದು ಹೇಗೆ?

ಗುರಾಣಿ ಕಿರೀಟದ ಕಥೆಯೂ ಅಲ್ಲಿಗೆ ಮುಗಿಯಿತು. 19ನೇ ಶತಮಾನದಲ್ಲಿ ಇಲ್ಲಿ ಮನೆತನದ ಚರಿತ್ರೆ ಬರೆಸುವ ಹುಚ್ಚು ಜೋರಾಗಿತ್ತು. ರಾಪಾಲ್ಯೆ ಮನೆತನಕ್ಕೂ ಯಾರೋ ಒಂದು ದೊಡ್ಡ ಫ್ರೆಂಚ್ ವಂಶವನ್ನು ಹೊಲಿದು ಸೇರಿಸಿದರು. ನಿಜವಾಗಿ ಅವನು ನೇಕಾರ, ಇವಳು ಹಳ್ಳಿ ಹುಡುಗಿ. ಅಜ್ಜಿಗೆ ಬೇಜಾರಾಗುತ್ತದೇನೋ ಅಂತ ಮೆಲ್ಲಗೆ ಹೇಳಿದೆ. ಚಿತ್ರ ತೆಗೆದುಬಿಡೋಣ ಅಂತ ಇಬ್ಬರೂ ಎತ್ತಿದೆವು. ಹಿಂದಿನ ಗೋಡೆ ಬೆಳ್ಳಗೆ, ಸುತ್ತಲಿನ ಗೋಡೆ ಹಳದಿ. "ಬಣ್ಣ ಬಳಿಸೋಕೆ ದುಡ್ಡಿಲ್ಲ, ಇರಲಿ ಬಿಡು" ಅಂತ ಮತ್ತೆ ಅಲ್ಲೇ ನೇತು ಹಾಕಿದರು.

ಹುಡುಕುವಾಗ ನಮಗೆ ಎಲ್ಲಕ್ಕಿಂತ ಉಪಕಾರ ಮಾಡಿದ್ದು ಡಚ್ಚರ ಒಂದು ಪದ್ಧತಿ. ಅವರಲ್ಲಿ ಹೆಣ್ಣು ಮದುವೆಯಾದರೂ ತವರಿನ ಹೆಸರು ಬಿಡುತ್ತಿರಲಿಲ್ಲ. ಇವಳು 1624ರಲ್ಲೂ ಟ್ರೀಕೊ, ವಿಧವೆಯಾಗಿ ಎಷ್ಟೋ ವರ್ಷವಾದ ಮೇಲೆ 1688ರಲ್ಲೂ ಟ್ರೀಕೊ. ಅದರ ಮುಂದಿನ ವರ್ಷ ತೀರಿಕೊಂಡಳು. ಮಕ್ಕಳಿಗೆ ಅಪ್ಪನ ಹೆಸರು ಹಚ್ಚುತ್ತಿದ್ದರು, ಯೋರಿಸ್ ಮಗಳು ಸಾರಾ ಅಂದರೆ ಸಾರಾ ಯೋರಿಸ್. ನಮ್ಮ ಬಿನ್ ಇದ್ದ ಹಾಗೆ. ಇಂಗ್ಲಿಷರ ಪದ್ಧತಿ ಬಂದ ಮೇಲೆ ಹೆಂಡತಿಗೆ ಗಂಡನ ಮನೆಯ ಹೆಸರು ಬಂತು. ಅಲ್ಲಿಂದ ಮುಂದೆ ಹೆಂಗಸರನ್ನು ಹುಡುಕುವುದೇ ಕಷ್ಟ. ಕೆಳಗಿನ ಮನೆ ಅಜ್ಜಿಯ ಪಟ್ಟಿಯಲ್ಲಿ 1700ರ ದಶಕದ ಇಬ್ಬರು ಅಜ್ಜಿಯರು ಇನ್ನೂ ಬರೀ "ಹೆಂಡತಿ" ಆಗಿಯೇ ಇದ್ದಾರೆ. ನಾನೂರು ವರ್ಷ ಹಿಂದಿನವಳು ಸಿಕ್ಕಳು, ಮಧ್ಯದವರು ಸಿಕ್ಕಿಲ್ಲ.

ಹೋದ ಶನಿವಾರ ಇಬ್ಬರೂ ಅವಳ ಜಮೀನಿದ್ದ ಕಡೆ ಹೋಗಿ ಬಂದೆವು. ಅಲ್ಲಿನ ಕೊಲ್ಲಿಯ ಹೆಸರು ವಾಲಬೌಟ್. ವಲೂನರ ತಿರುವು ಅನ್ನುವ ಡಚ್ ಮಾತು ಹೀಗಾಗಿದೆ ಅಂತ ಹೇಳುತ್ತಾರೆ. 1801ರಿಂದ 1966ರವರೆಗೆ ಅಲ್ಲಿ ನೌಕಾಪಡೆಯ ಹಡಗುಕಟ್ಟೆ ಇತ್ತು, ಈಗ ಕಾರ್ಖಾನೆ, ಗೋಡೌನು. ಉದ್ದದ ಗೋಡೆ, ಲಾರಿಗಳ ಸಾಲು, ಡೀಸೆಲ್ ವಾಸನೆ. ಅಜ್ಜಿ ಗೋಡೆಯ ಬುಡದಲ್ಲಿ ಬೆಳೆದಿದ್ದ ಒಂದು ಹುಲ್ಲಿನ ಎಸಳು ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡರು. ನಾನು ನೋಡದವಳ ಹಾಗೆ ಲಾರಿ ಎಣಿಸುತ್ತಾ ನಿಂತೆ.

ಮನೆಗೆ ಬಂದು, ಅಪ್ಪ ಖಾತೆ ಬದಲಾವಣೆಗೆ ಅಂತ ನಾಡಕಚೇರಿಯಿಂದ ಮಾಡಿಸಿದ ವಂಶವೃಕ್ಷದ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ನೋಡಿದೆ. ಐದು ತಲೆಮಾರಿನ ಗಂಡಸರು ಸಾಲಾಗಿ ಇದ್ದಾರೆ. ಮುತ್ತಜ್ಜಿ ಇರುವುದು ಒಂದೇ ಕಡೆ. ಅವರ ಹೆಸರು, ಆಮೇಲೆ ಕೋಂ, ಆಮೇಲೆ ಮುತ್ತಜ್ಜನ ಹೆಸರು. ಮುಗೀತು. ಅವರ ಅಪ್ಪ ಯಾರು, ಊರು ಯಾವುದು, ಒಂದಕ್ಷರ ಇಲ್ಲ. ಮನೆಯಲ್ಲಿ ಎಲ್ಲರೂ ಅವರನ್ನು ಹೊಸಳ್ಳಜ್ಜಿ ಅನ್ನುತ್ತಿದ್ದರು ಅಂತ ನೀನೇ ಹೇಳಿದ್ದೆ. ಅಪ್ಪನನ್ನು ಕೇಳಿದರೆ "ಹೊಸಹಳ್ಳಿ ಕಣೆ, ಇನ್ಯಾವುದು" ಅಂದರು. ಅಮ್ಮಾ, ನಮ್ಮ ಕಡೆ ಹೊಸಹಳ್ಳಿಗಳಿಗೆ ಬರವೇ? ಒಂದೊಂದು ತಾಲ್ಲೂಕಿಗೂ ಎರಡು ಮೂರು ಸಿಗುತ್ತವೆ. ಅಥವಾ ಅದು ಹೊಸಹಳ್ಳಿಯೇ ಅಲ್ಲವೇನೋ. ಹೊಸಳ್ಳಿ ಅಂತ ಕೇಳಿಸುವ ಇನ್ಯಾವುದೋ ಊರಿರಬಹುದು.

ಹೊಸಳ್ಳಜ್ಜಿಯ ಮಡಿಲಲ್ಲಿ ಬೆಳೆದವರಲ್ಲಿ ಈಗ ಉಳಿದಿರುವವರು ದೊಡ್ಡತ್ತೆ ಒಬ್ಬರೇ. ಅವರನ್ನು "ಯಾವ ತಾಲ್ಲೂಕು" ಅಂತ ಕೇಳಬೇಡ, ಗೊತ್ತಿಲ್ಲ ಅಂದುಬಿಡುತ್ತಾರೆ. ಅಜ್ಜಿ ತವರಿಗೆ ಹೋಗುವಾಗ ಗಾಡಿ ಎಷ್ಟು ಹೊತ್ತಿಗೆ ಕಟ್ಟುತ್ತಿದ್ದರು, ಊಟ ಎಲ್ಲಿ ಮಾಡುತ್ತಿದ್ದರು ಅಂತ ಕೇಳು. ದಾರಿಯಲ್ಲಿ ಹೊಳೆ ದಾಟಬೇಕಿತ್ತಾ? ಅಲ್ಲಿನವರು ಯಾವ ಸಂತೆಗೆ ಹೋಗುತ್ತಿದ್ದರು? ಜಾತ್ರೆ ಯಾವ ದೇವರದು? ಅಜ್ಜಿಯ ಅಣ್ಣತಮ್ಮಂದಿರು ಬಂದರೆ ಏನು ತರುತ್ತಿದ್ದರು, ತೆಂಗಿನಕಾಯಾ, ಕಡಲೆಕಾಯಾ? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೋ. ಹೊಸಳ್ಳಿ ಅಂದರೆ ಹೊಸಳ್ಳಿ ಅಂತಲೇ ಬರಿ, ಹೊಸಹಳ್ಳಿ ಅಂತ ತಿದ್ದಬೇಡ. ಆಗುವುದಾದರೆ ಮೊಬೈಲಿನಲ್ಲಿ ರೆಕಾರ್ಡೂ ಮಾಡು. ಅಪ್ಪನನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಳ್ಳಬೇಡ, ಮಧ್ಯೆ ಮಧ್ಯೆ ಬಾಯಿ ಹಾಕುತ್ತಾರೆ.

ಹೋಗುವಾಗ ದೊಡ್ಡತ್ತೆಗೆ ಇಷ್ಟ ಅಂತ ಕೊಬ್ಬರಿ ಮಿಠಾಯಿ ತಗೊಂಡು ಹೋಗು. ಈ ಶನಿವಾರವೇ ಹೋದರೆ ಒಳ್ಳೆಯದು.

ನಿನ್ನ ಮಗಳು

ಮರೆತಿದ್ದೆ: ಕೆಳಗಿನ ಮನೆ ಅಜ್ಜಿ ಚಕ್ಕುಲಿ ಮತ್ತೆ ಯಾವಾಗ ಬರುತ್ತದೆ ಅಂತ ಕೇಳುತ್ತಿದ್ದಾರೆ.