ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ: ಆ 'ನಿಲ್' ನಿಲ್ ಆಗಿರಲಿಲ್ಲ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನ್ನ ಮಗಳಿಗೆ ಈಗ 13 ವರ್ಷ. ಆರನೇ ವಯಸ್ಸಿನಿಂದ ಟೈಪ್ 1 ಶುಗರ್, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಅದಕ್ಕೆ ಗೋಳಾಡುತ್ತಿಲ್ಲ, ಅಭ್ಯಾಸವಾಗಿದೆ.

ಇಂಥ ಮಕ್ಕಳಿಗೆ 11 ವರ್ಷದ ಹೊತ್ತಿಗೆ ವರ್ಷಕ್ಕೊಮ್ಮೆ ಮೂತ್ರದ ಎಸಿಆರ್ ಪರೀಕ್ಷೆ, ಅಂದರೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ, ಶುರುವಾಗಬೇಕು. ನಿಮಗೆ ಗೊತ್ತಿರುವ ವಿಷಯವೇ. ಕಿಡ್ನಿಯಿಂದ ಆಲ್ಬುಮಿನ್ ಸೋರುವುದು ಮೊದಲು ಗೊತ್ತಾಗುವುದು ಅದರಲ್ಲೇ. ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) ಏರುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ.

ನಮ್ಮ ತಾಲೂಕಿನ ಆಸ್ಪತ್ರೆಯಲ್ಲಿ ಆದದ್ದು ಕೇಳಿ. ಬೆಳಿಗ್ಗೆ ಎದ್ದ ಕೂಡಲೇ ಹಿಡಿದ ಮೂತ್ರ ಬೇಕು ಅಂದಿದ್ದರು. ಬಾಟಲಿಯನ್ನು ಟಿಫಿನ್ ಬ್ಯಾಗಲ್ಲಿ ಮುಚ್ಚಿಟ್ಟುಕೊಂಡು ಆರೂವರೆ ಬಸ್ ಹತ್ತಿದೆವು. ಮಗಳು ನಾಚಿಕೆಯಿಂದ ಎರಡು ಸೀಟು ಹಿಂದೆ ಕೂತಳು. ಲ್ಯಾಬಿನವರು ಒಂದು ಸ್ಟ್ರಿಪ್ ಅದ್ದಿದರು, ಚೀಟಿಯಲ್ಲಿ 'ಆಲ್ಬುಮಿನ್ ನಿಲ್' ಎಂದು ಗೀಚಿದರು. "ಸರ್, ಡಾಕ್ಟರ್ ಬರೆದದ್ದು ಎಸಿಆರ್" ಅಂದೆ. "ಅದೆಲ್ಲ ಇಲ್ಲಿಲ್ಲಮ್ಮ. ನಿಲ್ ಬಂತಲ್ಲ, ಖುಷಿಪಡಿ" ಅಂದರು.

ಖುಷಿಪಟ್ಟೆವು. ಎರಡು ವರ್ಷ ಖುಷಿಪಟ್ಟೆವು! ಶುರುವಿನ ಸಣ್ಣ ಸೋರಿಕೆ ಮಾಮೂಲಿ ಸ್ಟ್ರಿಪ್‌ಗೆ ಕಾಣುವುದಿಲ್ಲ ಅಂತ ಯಾರೂ ಹೇಳಲಿಲ್ಲ.

ಈ ವರ್ಷ ಕೈಸಾಲ ಮಾಡಿ ಜಿಲ್ಲಾ ಕೇಂದ್ರದ ಖಾಸಗಿ ಲ್ಯಾಬಿಗೆ ಹೋದೆ. ಎಸಿಆರ್ 92 ಬಂತು. 30ರ ಒಳಗಿರಬೇಕಾದದ್ದು. ಜ್ವರವಿದ್ದರೂ, ಜಾಸ್ತಿ ಓಡಾಡಿದ್ದರೂ ಏರುತ್ತದಂತೆ, ಅದಕ್ಕೇ ಮೂರರಲ್ಲಿ ಎರಡು ಸಲ ಜಾಸ್ತಿ ಬಂದರೆ ಮಾತ್ರ ಖಚಿತ. ಮತ್ತೆ ಮಾಡಿಸಿದೆ, 78. ಈಗ ಮಾತ್ರೆ ನಡೆಯುತ್ತಿದೆ. ಈ ಹಂತದಲ್ಲಿ ಸಿಕ್ಕಿದ್ದರಿಂದ ಇಳಿಯಬಹುದು ಅಂದಿದ್ದಾರೆ ಡಾಕ್ಟರ್.

ಅದೇ ತಾಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ, ಹೊರಗೆ ದೊಡ್ಡ ಬೋರ್ಡೂ ಇದೆ. ಕಿಡ್ನಿ ಹೋದ ಮೇಲೆ ಬನ್ನಿ, ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂತಲಾ ಸ್ವಾಮಿ? ಮನೆಮನೆಗೆ ಬರುವ ಶುಗರ್ ತಪಾಸಣೆ 30 ದಾಟಿದವರಿಗೆ. ನನ್ನ ಮಗಳು ಇನ್ನೂ 17 ವರ್ಷ ಕಾಯಬೇಕು, ಅಲ್ವಾ?

ನಾನು ಕೇಳುವುದು ಒಂದೇ. ಟೈಪ್ 1 ಇರುವ ಮಕ್ಕಳಿಗೆ ತಾಲೂಕು ಆಸ್ಪತ್ರೆಯಲ್ಲೇ ವರ್ಷಕ್ಕೊಮ್ಮೆ ಎಸಿಆರ್ ಮಾಡಿಸಿ. ಸ್ಟ್ರಿಪ್ ಅಲ್ಲ, ಎಸಿಆರ್. ಯಂತ್ರ ಇಲ್ಲದಿದ್ದರೆ ಸ್ಯಾಂಪಲ್ ಜಿಲ್ಲೆಗೆ ಕಳಿಸಿ. ಬಸ್ಸಲ್ಲಿ ನಾನೇ ಒಯ್ಯಬಹುದಾದರೆ ನಿಮ್ಮ ಇಲಾಖೆಗೆ ಆಗದೇ?

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆ. ಬಾಟಲಿ ತೊಳೆದಿಟ್ಟಿದ್ದೇನೆ. ಯಾವ ಕಿಟಕಿಗೆ ಕೊಡಬೇಕು, ಅಷ್ಟು ಹೇಳಿ.

ಇತಿ,
ಒಬ್ಬ ತಾಯಿ