ಎರಡು ಸಾವಿರ ಕಾರ್ಡು, ಒಂದು ಇಸ್ತ್ರಿ ಪೆಟ್ಟಿಗೆ

ಈ ಬರಹವನ್ನು 2025ರ ಅಕ್ಟೋಬರ್ 17ರ ರಾತ್ರಿಯೇ ಬರೆಯಬೇಕಿತ್ತು. ಕೊನೆಯ ಕಟ್ಟು ಕಾರ್ಡು ಪೋಸ್ಟ್ ಮಾಡಿ ಬಂದ ದಿನ ಅದು. ಆದರೆ ಮಾರನೇ ದಿನದಿಂದಲೇ ಅಂಗಡಿಯಲ್ಲಿ ಕೆಲಸ ಶುರುವಾಯಿತು. ನವೆಂಬರ್ ಬಂದ ಮೇಲಂತೂ ಮತದಾರರ ಪಟ್ಟಿಯ ಫಾರ್ಮ್ ತುಂಬಿಸುವವರ ಸಾಲು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರ ಕಷ್ಟ ಜೆರಾಕ್ಸ್ ಅಂಗಡಿಯವರಿಗೇ ಗೊತ್ತು. ಹಾಗಾಗಿ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ಒಂದು ವರ್ಷ ನಾವು ಏನು ಮಾಡಿದೆವು ಎಂದು ಮತ್ತೆ ಬಿಡಿಸಿ ಹೇಳುವುದಿಲ್ಲ. ಇದನ್ನು ಓದುವವರಲ್ಲಿ ಅರ್ಧಕ್ಕರ್ಧ ಜನರ ಕೈಗೆ ನಾವೇ ಪೆನ್ನು ಕೊಟ್ಟು ಬರೆಸಿದ್ದೇವೆ. ಗೊತ್ತಿಲ್ಲದವರಿಗೆ ಒಂದೇ ಮಾತು: ಜಗತ್ತಿನ ಅತಿ ಬಡ ದೇಶಗಳ ಸಾಲದ ಹೊರೆ ಇಳಿಸಿ, ಜೋಹಾನ್ಸ್‌ಬರ್ಗ್‌ನ ಜಿ20 ಸಭೆಯಲ್ಲಿ ಭಾರತ ಅದಕ್ಕೆ ದನಿ ಎತ್ತಲಿ ಎಂದು ದೆಹಲಿಗೆ ಪೋಸ್ಟ್ ಕಾರ್ಡ್ ಬರೆಸಿದೆವು. ಒಟ್ಟು 2,140 ಕಾರ್ಡು. ಒಂದಕ್ಕೆ 50 ಪೈಸೆ. ಲೆಕ್ಕ ನೀವೇ ಮಾಡಿ, ಒಂದು ಮದುವೆಗೆ ಮುಯ್ಯಿ ಹಾಕುವಷ್ಟು ದುಡ್ಡು.

ಹೆಸರು ಯಾರದ್ದೂ ಹಾಕುವುದಿಲ್ಲ. ಒಬ್ಬರು ಹಾಕಬೇಡ ಎಂದು ಹೆದರಿಸಿದ್ದಾರೆ. ಅವರದ್ದು ಬಿಟ್ಟು ಉಳಿದವರದ್ದು ಹಾಕಿದರೆ ಸರಿಯಾಗುವುದಿಲ್ಲ, ಅಲ್ವಾ?

ಅಂಚೆ ಕಚೇರಿಯಲ್ಲಿ ಕಾರ್ಡು ಮುಗಿದಾಗ ಬೇರೆ ಕಡೆಯಿಂದ ತರಿಸಿಕೊಟ್ಟ ಪೋಸ್ಟ್‌ಮ್ಯಾನ್ ಅಣ್ಣನಿಗೆ, ಕುಟುಂಬಶ್ರೀ ಮಹಿಳಾ ಸಂಘದ ಸಭೆಯಲ್ಲಿ ಹತ್ತು ನಿಮಿಷ ಕೊಟ್ಟು ಕೊನೆಗೆ ಒಂದು ಗಂಟೆ ಕೂರಿಸಿಕೊಂಡ ಅಕ್ಕಂದಿರಿಗೆ, ಪಾಠ ಬಿಟ್ಟು ಮಕ್ಕಳ ಕೈಯಲ್ಲಿ ಬರೆಸಿದ ಪೆರ್ಲ, ನೀರ್ಚಾಲು ಕಡೆಯ ಟೀಚರ್‌ಗಳಿಗೆ, ಹಾಲ್ ಬಾಡಿಗೆ ಕೇಳದ ಮಸೀದಿ ಕಮಿಟಿಯವರಿಗೆ, ಮಲಯಾಳ ತಿದ್ದಿಕೊಟ್ಟ ಗೆಳತಿಗೆ, ರಾತ್ರಿ ಕುಂಬಳೆಯಿಂದ ಬದಿಯಡ್ಕಕ್ಕೆ ಬಾಡಿಗೆ ತೆಗೆದುಕೊಳ್ಳದ ಆಟೋದವನಿಗೆ, ಎಲ್ಲರಿಗೂ ಥ್ಯಾಂಕ್ಸ್. ಸಪ್ತಭಾಷೆಯ ನಾಡು ಎಂದು ಭಾಷಣದಲ್ಲಿ ಕೇಳಿ ಕೇಳಿ ಸಾಕಾಗಿತ್ತು ನನಗೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿಯ ಕಾರ್ಡುಗಳನ್ನು ಒಂದೇ ರಬ್ಬರ್ ಬ್ಯಾಂಡಿಗೆ ಹಾಕಿದ ದಿನ ಆ ಮಾತಿನ ಮೇಲೆ ಸ್ವಲ್ಪ ಪ್ರೀತಿ ಬಂತು.

ಮಾಷ್ಟ್ರಿಗೆ ಮಾತ್ರ ಎರಡು ಸಾಲು ಜಾಸ್ತಿ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನಮ್ಮಲ್ಲೇ ಇಷ್ಟು ಕಷ್ಟ ಇರುವಾಗ ಆಫ್ರಿಕಾದ ಸುದ್ದಿ ನಿಮಗ್ಯಾಕೆ?" ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷ ತಗುಲಿದ ಮಕ್ಕಳ ತಾಯಂದಿರು ಧರಣಿ ಕೂತ ಜಿಲ್ಲೆ ಇದು. ಈ ಪ್ರಶ್ನೆಗೆ ನನ್ನ ಬಾಯಿ ಕಟ್ಟುತ್ತಿತ್ತು. ಒಂದು ಸಭೆಯಲ್ಲಿ ಮಾಷ್ಟ್ರು ಎದ್ದು ನಿಂತು ಹೇಳಿದರು: "ನಮ್ಮ ಗೇರು ಗುಡ್ಡೆಯ ಮೇಲೆ ಹೆಲಿಕಾಪ್ಟರ್‌ನಲ್ಲಿ ವಿಷ ಸುರಿದದ್ದು 2000ದವರೆಗೆ. ಅದನ್ನು ಜಗತ್ತಿನಲ್ಲೇ ನಿಲ್ಲಿಸಬೇಕು ಎಂದು ತೀರ್ಮಾನ ಆದದ್ದು 2011ರಲ್ಲಿ, ಜಿನೀವಾದಲ್ಲಿ. ಅಲ್ಲಿ ಕೂತವರಲ್ಲಿ ನಮ್ಮ ಎಣ್ಮಕಜೆ ಎಲ್ಲಿದೆ ಎಂದು ಎಷ್ಟು ಜನರಿಗೆ ಗೊತ್ತಿತ್ತು? ಆದರೂ ಕೈ ಎತ್ತಿದರಲ್ಲ. ನಾವು ಒಂದು ಕಾರ್ಡು ಬರೆಯಬಾರದಾ?" ಅವತ್ತು ಆ ಸಭೆಯಲ್ಲಿ ಕಾರ್ಡು ಸಾಲದೆ ಬಂತು.

ಇನ್ನು ಅಕ್ಕ. ಹೆದರಿಸಿದ್ದು ಇವರೇ.

ಅಕ್ಕ ಮೊದಲು ನನ್ನ ಅಂಗಡಿಗೆ ಬಂದದ್ದು ಪಿಂಚಣಿಯ ಅರ್ಜಿ ಹಿಡಿದುಕೊಂಡು. ಅರ್ಜಿ ಪೂರ್ತಿ ಮಲಯಾಳದಲ್ಲಿತ್ತು. ಅಕ್ಕ ಕಲಿತದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ನಾನು ತುಂಬಿಸಿಕೊಟ್ಟೆ. ಹತ್ತು ರೂಪಾಯಿ ಕೊಟ್ಟು ಹೋದವರು ಸಂಜೆ ಮತ್ತೆ ಬಂದರು. ಗೋಡೆಗೆ ಅಂಟಿಸಿದ್ದ ನಮ್ಮ ಕರಪತ್ರ ನಿಧಾನವಾಗಿ ಓದಿ, "ಈ ಡಾಲರ್ ಲೆಕ್ಕ ನನಗೆ ಸರಿ ಹೇಳು ಮಗಾ" ಎಂದರು. ಅಕ್ಕ ಮಾತಾಡುವುದು ತುಳುವಿನಲ್ಲಿ, ಇಲ್ಲಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅರ್ಧ ರುಚಿ ಹೋಗುತ್ತದೆ, ಏನು ಮಾಡುವುದು.

ಆ ಡಾಲರ್ ಲೆಕ್ಕದ್ದೇ ಒಂದು ಕತೆ. ಕರಪತ್ರದಲ್ಲಿ ಅತಿ ಬಡತನದ ಗೆರೆ ದಿನಕ್ಕೆ 2.15 ಡಾಲರ್ ಎಂದು ಅಚ್ಚು ಹಾಕಿಸಿದ್ದೆವು. ಜೂನ್‌ನಲ್ಲಿ ವಿಶ್ವಬ್ಯಾಂಕ್ ಆ ಗೆರೆಯನ್ನು 3 ಡಾಲರಿಗೆ ಏರಿಸಿತು. ಉಳಿದಿದ್ದ ಐನೂರು ಕರಪತ್ರದಲ್ಲಿ ಒಂದೊಂದನ್ನೂ ಪೆನ್ನಿನಲ್ಲಿ ತಿದ್ದಿದೆವು. ತಿದ್ದುವಾಗ ಅಕ್ಕನೂ ಕೂತಿದ್ದರು. ನಾನು ವಿವರಿಸಿದೆ: ಈ 3 ಡಾಲರ್ ಅಂದರೆ ಬ್ಯಾಂಕಿನಲ್ಲಿ ಬದಲಾಯಿಸಿದರೆ ಸಿಗುವ 250 ರೂಪಾಯಿ ಅಲ್ಲ. ಅಮೇರಿಕದಲ್ಲಿ ಅಷ್ಟು ದುಡ್ಡಿಗೆ ಸಿಗುವ ಸಾಮಾನು ನಮ್ಮಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂಬ ಲೆಕ್ಕ. 2021ರ ಬೆಲೆಯಲ್ಲಿ ನಮ್ಮ ರೂಪಾಯಿಗೆ ಅದು 60ರ ಆಸುಪಾಸು. ಅದಕ್ಕಿಂತ ಕಮ್ಮಿಯಲ್ಲಿ ದಿನ ದೂಡುವವರು ಜಗತ್ತಿನಲ್ಲಿ 80 ಕೋಟಿ ಜನ.

"ಒಂದು ಮನೆಗೆ 60ಆ?"

"ಅಲ್ಲ ಅಕ್ಕ, ಒಬ್ಬೊಬ್ಬರಿಗೆ."

ಅಕ್ಕ ಪೆನ್ನು ಕೆಳಗಿಟ್ಟರು. ಬೆರಳು ಮಡಚಿ ಲೆಕ್ಕ ಶುರು ಮಾಡಿದರು. ಅತ್ತೆ, ಮೂರು ಮಕ್ಕಳು, ತಾನು. ಐದು ಜನಕ್ಕೆ 300 ರೂಪಾಯಿ. ಈಗಿನ ಮಜೂರಿಯಲ್ಲಿ ಹತ್ತಿರ ಹತ್ತಿರ ಸಾವಿರ ಬೀಡಿ. 25ರ ಕಟ್ಟಾದರೆ 40 ಕಟ್ಟು. "ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಕಣ್ಣು ಮುಚ್ಚುವವರೆಗೆ ಸುತ್ತಿದರೂ 40 ಕಟ್ಟು ಆಗದ ದಿನ ಎಷ್ಟೋ ಇತ್ತು. ಬೀಡಿ ಬ್ರಾಂಚಿನಲ್ಲಿ ಚೆಕ್ಕಿಂಗ್ ಆಗಿ ಎರಡು ಕಟ್ಟು ಬಿಸಾಡಿದರೆ ಅದೂ ಇಲ್ಲ. ಹಾಗಾದರೆ ನಾವು ಆ ಗೆರೆಯ ಕೆಳಗೇ ಇದ್ದದ್ದಾ? ನಮಗೆ ಯಾರೂ ಹೇಳಲೇ ಇಲ್ಲವಲ್ಲ!"

ಹೇಳಿ ನಕ್ಕರು. ಬಿದ್ದು ಬಿದ್ದು ನಕ್ಕರು. ನನಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಅವತ್ತಿನಿಂದ ಅಕ್ಕ ಎಲ್ಲ ಸಭೆಗೂ ಬಂದರು. ವಿಶ್ವಬ್ಯಾಂಕಿನ ಗೆರೆಯನ್ನು ಬೀಡಿ ಕಟ್ಟಿನ ಲೆಕ್ಕದಲ್ಲಿ ಹೇಳುವವರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು. ನಾನು ಅರ್ಧ ಗಂಟೆ ಹೇಳಿದ್ದು ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. ಅಕ್ಕ "40 ಕಟ್ಟು" ಎಂದ ಕೂಡಲೇ ಹೆಂಗಸರೆಲ್ಲ ಹೋ ಎನ್ನುತ್ತಿದ್ದರು.

ಆ ರಾತ್ರಿಯ ವಿಷಯ ಬರೆಯದೆ ಈ ಬರಹ ಮುಗಿಯುವುದಿಲ್ಲ.

ಜುಲೈ ಮೊದಲ ವಾರ. ಅಮ್ಮ ಮಂಗಳೂರಿನಲ್ಲಿ ಆಸ್ಪತ್ರೆಯಲ್ಲಿದ್ದರು. ಅದೆಲ್ಲ ನಿಮಗೆ ಗೊತ್ತು. ತಮ್ಮನನ್ನು ಅಲ್ಲಿ ಕೂರಿಸಿ, ದುಡ್ಡು ಮತ್ತು ಬಟ್ಟೆ ತರಲು ನಾನು ರಾತ್ರಿ ಬಸ್ಸು ಹತ್ತಿದ್ದೆ. ತಲಪಾಡಿ ದಾಟುವಾಗ ಮೊಬೈಲ್ ತೆಗೆದೆ. ಅಮೇರಿಕದ ನೆರವು ಸಂಸ್ಥೆ ಯುಎಸ್‌ಎಐಡಿ ಜುಲೈ 1ಕ್ಕೆ ಬಾಗಿಲು ಹಾಕಿದ ಸುದ್ದಿ. ಜೊತೆಗೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅಂದಾಜು: ಈ ನೆರವು ನಿಂತದ್ದರಿಂದ 2030ರ ಒಳಗೆ 1 ಕೋಟಿ 40 ಲಕ್ಷ ಜನ ಹೆಚ್ಚಾಗಿ ಸಾಯಬಹುದು. ನಮ್ಮ ಇಡೀ ಜಿಲ್ಲೆಯಲ್ಲಿರುವುದು 13 ಲಕ್ಷ ಜನ. ಹತ್ತು ಕಾಸರಗೋಡು, ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಹತ್ತು ಕಾಸರಗೋಡು ಖಾಲಿ. ಕಿಟಕಿಯ ಶೀಟ್ ಇಳಿಸಿದ್ದರೂ ನೀರು ಒಳಗೆ ಬರುತ್ತಿತ್ತು. ಪಕ್ಕದ ಹೆಂಗಸು "ಎಂತ ಆಯಿತು" ಎಂದು ಕೇಳಿದಾಗಲೇ ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು.

ಅಂಗಡಿ ಬಾಗಿಲು ತೆಗೆದರೆ ಕರೆಂಟಿಲ್ಲ. ಮೊಬೈಲ್ ಬೆಳಕಲ್ಲಿ ನೋಡಿದೆ. ಹಂಚು ಸರಿದಿತ್ತು. ನೀರು ನೇರ ಕಾರ್ಡಿನ ರಟ್ಟಿನ ಪೆಟ್ಟಿಗೆಗೇ ಬಿದ್ದಿತ್ತು. ಅಷ್ಟು ಹೊತ್ತಿಗೆ ಒಂಬೈನೂರು ಕಾರ್ಡು ಸೇರಿತ್ತು. ಬಾಲ್ ಪೆನ್ನಿನಲ್ಲಿ ಬರೆದದ್ದು ಉಳಿದಿತ್ತು. ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ ಸೂರ್ಯ, ಮನೆ, ತೆಂಗಿನ ಮರ ಎಲ್ಲ ಕರಗಿ ಒಂದರ ಬಣ್ಣ ಇನ್ನೊಂದಕ್ಕೆ ಹಿಡಿದಿತ್ತು. ನಾನು ನೆಲದ ಮೇಲೆ ಕೂತುಬಿಟ್ಟೆ.

ಬಾಗಿಲು ತೆರೆದಿದ್ದು ನೋಡಿ ಅಕ್ಕ ಟಾರ್ಚು ಹಿಡಿದು ಬಂದರು. ಏನೂ ಕೇಳಲಿಲ್ಲ. ಪೆಟ್ಟಿಗೆ ಎತ್ತಿ ಸೊಂಟಕ್ಕಿಟ್ಟು ಮನೆ ಕಡೆ ನಡೆದರು. ಒಲೆ ಬದಿಯಲ್ಲಿ ಗೋಣಿ ಹಾಸಿ ಕಾರ್ಡುಗಳನ್ನು ಬಿಡಿಸಿ ಬಿಡಿಸಿ ಹರಡತೊಡಗಿದರು. ಬೀಡಿ ಎಲೆ ಬಿಡಿಸಿದ ಬೆರಳು ಅದು, ಒಂದೂ ಹರಿಯಲಿಲ್ಲ. ನಾನು ಹೇಳಿದೆ, "ಬಿಡಿ ಅಕ್ಕ. ಎಲ್ಲ ಒಲೆಗೆ ಹಾಕಿ. ಅಷ್ಟು ದೊಡ್ಡ ದೇಶವೇ ಕೈ ಬಿಟ್ಟಿದೆ, ನಮ್ಮ ಐವತ್ತು ಪೈಸೆಯ ಕಾರ್ಡಿನಲ್ಲಿ ಏನಾಗುತ್ತದೆ?" ಸುಮ್ನೆ ಬಾಯಿಮಾತಿಗೆ ಹೇಳಿದ್ದಲ್ಲ. ಅವತ್ತು ನಿಜವಾಗಿ ಹಾಕುತ್ತಿದ್ದೆ.

ಅಕ್ಕ ತಲೆ ಎತ್ತದೆ ಹೇಳಿದರು, "ಒದ್ದೆ ಕಾಗದ ಉರಿಯುವುದಿಲ್ಲ ಮಗಾ. ಹೊಗೆ ಮಾತ್ರ. ಮೊದಲು ಒಣಗಲಿ."

ಆಮೇಲೆ ಅಟ್ಟದಿಂದ ಹಳೇ ಇಸ್ತ್ರಿ ಪೆಟ್ಟಿಗೆ ಇಳಿಸಿದರು. ಹಿತ್ತಾಳೆಯದ್ದು, ಕೆಂಡ ಹಾಕುವಂಥದ್ದು. ತೆಂಗಿನ ಗೆರಟೆ ಸುಟ್ಟು ಕೆಂಡ ಮಾಡಿದರು. ಹಳೇ ಪೇಪರಿನ ಎರಡು ಹಾಳೆಯ ನಡುವೆ ನಾಲ್ಕು ನಾಲ್ಕು ಕಾರ್ಡು ಇಟ್ಟು ಒತ್ತಿದರು. ಹಬೆ ಏಳುತ್ತಿತ್ತು. ನಾನು ಪೇಪರ್ ಬದಲಾಯಿಸುತ್ತಿದ್ದೆ, ಅಕ್ಕ ಒತ್ತುತ್ತಿದ್ದರು. ಒತ್ತುತ್ತಾ ಮಳೆಗಾಲದ ಆಟಿ ತಿಂಗಳ ಕತೆ ಹೇಳಿದರು. ಮಳೆಗೆ ಕೆಲಸ ಇಲ್ಲ, ಅಕ್ಕಿ ಇಲ್ಲ. ಹಲಸಿನ ಬೀಜ ಬೇಯಿಸಿ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ ಚೂರು ನಂಜಿಕೊಂಡು ಮಕ್ಕಳನ್ನು ಮಲಗಿಸಿದ್ದು. ಈಗ ಆಟಿಯಲ್ಲಿ ಅದನ್ನೇ ಹಬ್ಬ ಮಾಡಿ ಫೋಟೋ ತೆಗೆಯುತ್ತಾರಲ್ಲ, ನೋಡಿದರೆ ನಗು ಬರುತ್ತದೆ ಎಂದರು. ಅಳು ಬರುತ್ತದೆ ಎಂದು ಹೇಳಲಿಲ್ಲ.

ಕೋಳಿ ಕೂಗುವ ಹೊತ್ತಿಗೆ ಕೊನೆಯ ಕಾರ್ಡು ಮುಗಿಯಿತು. ಅಕ್ಕ ಎಲ್ಲವನ್ನೂ ಜೋಡಿಸಿ, ಬೀಡಿಯ ನೂಲಿನಲ್ಲೇ ಕಟ್ಟು ಕಟ್ಟಿ ನನ್ನ ಮುಂದಿಟ್ಟರು. ಒಲೆ ಇನ್ನೂ ಉರಿಯುತ್ತಿತ್ತು.

"ಈಗ ಒಣಗಿದೆ. ಹಾಕುವುದಾ?"

ನಾನು ಏನೂ ಹೇಳಲಿಲ್ಲ. ಅಕ್ಕ ಗಂಜಿ ಬಡಿಸಿದರು. ತಿಂದು ಮೊದಲ ಬಸ್ಸಿಗೆ ಮಂಗಳೂರಿಗೆ ಹೋದೆ. (ಅಮ್ಮ ಈಗ ಅಂಗಳದಲ್ಲಿ ನಡೆದಾಡುತ್ತಾರೆ. ನನ್ನನ್ನು ಬೈಯುವಷ್ಟು ಹುಷಾರಾಗಿದ್ದಾರೆ.)

ಅಕ್ಕ ತಮ್ಮ ಕಾರ್ಡನ್ನು ಕೊನೆಯಲ್ಲಿ ಬರೆದರು, ಸೆಪ್ಟೆಂಬರಿನಲ್ಲಿ. ಬಡ್ಡಿ ಕಟ್ಟಲು ಖರ್ಚು ಮಾಡುವ ದುಡ್ಡು ಆರೋಗ್ಯಕ್ಕೋ ಶಿಕ್ಷಣಕ್ಕೋ ಮಾಡುವ ಖರ್ಚಿಗಿಂತ ಜಾಸ್ತಿ ಇರುವ ದೇಶಗಳಲ್ಲಿ 330 ಕೋಟಿಗೂ ಮೇಲೆ ಜನ ಇದ್ದಾರೆ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ನಾನು ಅದನ್ನು ಸಭೆಗಳಲ್ಲಿ ಹತ್ತು ಸಲ ಹೇಳಿದ್ದೆ. ಅಕ್ಕ ಬರೆದದ್ದು ಇಷ್ಟು: "ನನ್ನ ಸಾಲ ನಾನು ತೀರಿಸಿದ್ದೇನೆ. ಬಡ್ಡಿ ಕಟ್ಟುವ ವಾರ ಅಕ್ಕಿ ಕಮ್ಮಿ ತರುತ್ತಿದ್ದೆ. ಅವರಿಗೂ ಹಾಗೆಯೇ ಆಗುತ್ತಿರಬಹುದು. ದಯವಿಟ್ಟು ನೋಡಿ." ನನ್ನ ಭಾಷಣ ಅಲ್ಲಿಗೆ ನಿಂತಿತು. ಆಮೇಲಿನ ಸಭೆಗಳಲ್ಲಿ ಈ ಕಾರ್ಡನ್ನೇ ಓದಿದೆ.

ನವೆಂಬರ್ 1ಕ್ಕೆ ಕೇರಳ ಅತಿ ಬಡತನ ಮುಕ್ತ ರಾಜ್ಯ ಎಂದು ಘೋಷಣೆ ಆಯಿತಲ್ಲ, ಅವತ್ತು ಫೋನ್ ಮಾಡಿ "ನಿಮ್ಮ ಕೆಲಸ ಮುಗಿಯಿತಲ್ಲ, ಇನ್ನು ಅಂಗಡಿ ನೋಡಿಕೊಳ್ಳಿ" ಎಂದು ತಮಾಷೆ ಮಾಡಿದವರಿಗೂ ಥ್ಯಾಂಕ್ಸ್. 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದು ಮನೆಗೂ ಬೇರೆ ಬೇರೆ ಯೋಜನೆ ಮಾಡಿದ್ದು ದೊಡ್ಡ ಕೆಲಸ ಎಂದೇ ನನಗೆ ಅನಿಸುತ್ತದೆ. ಒಬ್ಬರಿಗೆ ಮದ್ದು, ಒಬ್ಬರಿಗೆ ಮನೆ, ಒಬ್ಬರಿಗೆ ಬರೀ ಒಂದು ರೇಷನ್ ಕಾರ್ಡು. ಲೆಕ್ಕ ಹಾಕಿದ ರೀತಿಯ ಬಗ್ಗೆ ಅರ್ಥಶಾಸ್ತ್ರಜ್ಞರು ಪ್ರಶ್ನೆ ಕೇಳಿದ್ದಾರೆ, ಕೇಳಲೇಬೇಕು. ಅಂಗಡಿಯಲ್ಲಿ ದಿನಾ ಅರ್ಜಿ ತುಂಬಿಸುವ ನನಗೆ "ಮುಕ್ತ" ಎನ್ನುವ ಶಬ್ದ ಗಂಟಲಲ್ಲಿ ಇಳಿಯುವುದಿಲ್ಲ. ಅಕ್ಕನ ಪಿಂಚಣಿಯ ಅರ್ಜಿ ಈಗಲೂ ಯಾವುದೋ ಮೇಜಿನ ಮೇಲಿದೆ.

ನಮ್ಮ ಕಾರ್ಡುಗಳಿಂದ ಏನಾಯಿತು? ನವೆಂಬರ್ 22, 23ಕ್ಕೆ ಜೋಹಾನ್ಸ್‌ಬರ್ಗ್‌ನಲ್ಲಿ ಸಭೆ ನಡೆಯಿತು. ಅಮೇರಿಕ ಹೋಗಲೇ ಇಲ್ಲ. ಘೋಷಣೆಯಲ್ಲಿ ಬಡ ದೇಶಗಳ ಸಾಲದ ಮಾತು ಇದೆ, ಆದರೆ ಮಾತೇ ಜಾಸ್ತಿ. ನಮಗೆ ದೆಹಲಿಯ ಒಂದು ಕಚೇರಿಯಿಂದ ಒಂದೇ ಒಂದು ಉತ್ತರ ಬಂತು. ಇಂಗ್ಲಿಷಿನಲ್ಲಿ ಎರಡು ಸಾಲು, ಪತ್ರ ತಲುಪಿದೆ ಎಂದು. 2,140 ಕಾರ್ಡಿಗೆ ಎರಡು ಸಾಲು. ನಾನು ಅದನ್ನು ಕನ್ನಡ ಮಾಡಿ ಓದಿ ಹೇಳಿದಾಗ ಅಕ್ಕ, "ತಲುಪಿತಲ್ಲ! ನನ್ನ ಅರ್ಜಿಗೆ ಅಷ್ಟೂ ಬರಲಿಲ್ಲ" ಎಂದರು.

ಇಸ್ತ್ರಿ ಮಾಡುವಾಗ ಒಂದು ಕಾರ್ಡು ಸುಟ್ಟಿತ್ತು. ಮೂರನೇ ಕ್ಲಾಸಿನ ಹುಡುಗನದ್ದು. ಮೂಲೆಯಲ್ಲಿ ಪೆಟ್ಟಿಗೆಯ ತುದಿಯ ಆಕಾರದಲ್ಲೇ ಕಂದು ಕಲೆ. ಬೇರೆ ಬರೆಸೋಣ ಎಂದರೆ ಅಕ್ಕ ಬೇಡ ಎಂದರು. ಹಾಗೇ ಕಳಿಸಿದೆವು. ಅದನ್ನು ದೆಹಲಿಯಲ್ಲಿ ಯಾರಾದರೂ ಕೈಗೆತ್ತಿಕೊಂಡು, ಇದೇನು ಕಲೆ ಎಂದು ಒಂದು ನಿಮಿಷ ನೋಡಿರಬಹುದು ಎಂದು ನಾನು ಆಗಾಗ ಅಂದುಕೊಳ್ಳುತ್ತೇನೆ.

ಅಕ್ಕಾ, ಹೆಸರು ಹಾಕಲಿಲ್ಲ ನೋಡಿ. ಸುರುಟಿದ ಕಾರ್ಡು ಸರಿ ಮಾಡಲು ತಂದ ನಿಮ್ಮ ಇಸ್ತ್ರಿ ಪೆಟ್ಟಿಗೆ ಇನ್ನೂ ನನ್ನ ಅಂಗಡಿಯಲ್ಲೇ ಇದೆ. ಭಾನುವಾರ ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ, ಆಗ ತಂದು ಕೊಡುತ್ತೇನೆ. ಊಟಕ್ಕೆ ಜಾಸ್ತಿ ಏನೂ ಮಾಡಬೇಡಿ.