ಒಂದು ನಂಬರ್ ದೊಡ್ಡ ಬೂಟು

ಡೊಂಬಿವಲಿ
ಬುಧವಾರ ರಾತ್ರಿ

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಅಮ್ಮ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. "ಅವಳ ದುಡ್ಡು, ಅವಳ ಸ್ಕೀ, ನಿಮಗೇನು?" ಅಂದಳು. ಸರಿಯೇ. "ಹಿಮದಲ್ಲಿ ಜಾರುವ ಹಲಗೆಗೆ ಇಷ್ಟು ದುಡ್ಡಾ" ಅಂತ ನಾನು ಅನ್ನಬಾರದಿತ್ತು. ತಪ್ಪಾಯಿತು. ಫೋನಿನಲ್ಲಿ ಹೇಳಹೋದರೆ ನನ್ನ ದನಿ ಮತ್ತೆ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. "ಅರ್ಧ ಬೆಲೆ ಅಪ್ಪಾ, ಶುಕ್ರವಾರ ಸೇಲ್ ಮುಗಿಯುತ್ತೆ. ಸೈಜು ಸ್ವಲ್ಪ ದೊಡ್ಡದು, ಅಭ್ಯಾಸ ಆಗುತ್ತೆ" ಅಂದೆಯಲ್ಲ, ಆ ಮಾತಿಗೆ. ಅದು ನನ್ನದೇ ಮಾತು. ನೀನು ಐದನೇ ಕ್ಲಾಸಿನಲ್ಲಿದ್ದಾಗ ನಾನು ಆಡಿದ್ದು.

ದಾದರಿನ ಅಂಗಡಿಯಲ್ಲಿ 31 ವರ್ಷ ಕಂಡವರ ಕಾಲಿಗೆಲ್ಲ ಅಳತೆ ನೋಡಿ ಬೂಟು ಹಾಕಿದವನು ನಾನು. ಮಕ್ಕಳ ಹೆಬ್ಬೆರಳು ಎಲ್ಲಿದೆ ಅಂತ ಒತ್ತಿ ನೋಡದೆ ಒಂದು ಜೋಡಿಯನ್ನೂ ಮಾರಿಲ್ಲ. ನಿನಗೆ ಮಾತ್ರ ಒಂದು ನಂಬರ್ ದೊಡ್ಡದು ತಂದೆ. ಸೇಲ್‌ನಲ್ಲಿ ಉಳಿದಿದ್ದ ಜೋಡಿ. ಎರಡು ವರ್ಷ ಬರುತ್ತದೆ ಅಂದುಕೊಂಡೆ. ಮುಂದೆ ಹತ್ತಿ ತುರುಕಿದೆ. ಜೂನ್ ತಿಂಗಳು, ಶಾಲೆ ಶುರುವಾಗಿ ನಾಲ್ಕೇ ದಿನ, ಮಳೆ. ಸ್ಟೇಷನ್ ಬ್ರಿಜ್ಜಿನ ಮೆಟ್ಟಿಲಿಗೆ ಬೂಟಿನ ಮೂತಿ ಸಿಕ್ಕಿ ನೀನು ಬಿದ್ದೆ. ಎಡಗೈ ಮಣಿಕಟ್ಟು. ಡಾಕ್ಟರು ಪ್ಲಾಸ್ಟರ್ ಹಾಕುವಾಗ ನಿನ್ನ ಬೂಟು ನನ್ನ ಕೈಯಲ್ಲಿತ್ತು. ಒಳಗೆ ಹತ್ತಿ ನೆನೆದು ಉಂಡೆಯಾಗಿತ್ತು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಅಮ್ಮ ಕೇಳಿದಾಗ ನೀನು "ನಾನೇ ಓಡಿದೆ" ಅಂದೆ. ನೀನು ಓಡಿರಲಿಲ್ಲ ಪುಟ್ಟಿ. ನನ್ನ ಬೆರಳು ಹಿಡಿದು ನಿಧಾನ ಇಳಿಯುತ್ತಿದ್ದೆ. ಹತ್ತು ವರ್ಷದ ಹುಡುಗಿ ಅಪ್ಪನಿಗಾಗಿ ಸುಳ್ಳು ಹೇಳಿದಳು, ಅಪ್ಪ ಸುಮ್ಮನೆ ನಿಂತಿದ್ದ. ಇವತ್ತಿನವರೆಗೂ ಅಮ್ಮನಿಗೆ ಹೇಳಿಲ್ಲ.

ಈ ಮೂರು ರಾತ್ರಿ ಸ್ಕೀ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಬೂಟಿನ ವಿಷಯ ಬೇಗ ತಲೆಗೆ ಹತ್ತಿತು. ಮೊದಲು ಬೂಟು ತಗೋ, ಸ್ಕೀ ಆಮೇಲೆ. ಅದರ ನಂಬರ್ ಅಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ತೆಳು ಸಾಕ್ಸ್ ಒಂದೇ ಜೊತೆ ಹಾಕು. ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡಿಸಿಕೊಳ್ಳಬೇಕು. ಬೂಟು ಸಡಿಲವಿದ್ದರೆ ಕಾಲು ತಿರುಗಿದರೂ ಸ್ಕೀ ತಿರುಗುವುದಿಲ್ಲ, ಆಗ ಯಾವ ಸ್ಕೀ ಒಳ್ಳೆಯದು ಅಂತ ಹೇಗೆ ಗೊತ್ತಾಗಬೇಕು?

ಆ ಸೇಲಿನ ಸ್ಕೀ ಜೋಡಿ 176 ಸೆಂಟಿಮೀಟರ್ ಅಂದೆ. ನೀನು 160. ಸಾಮಾನ್ಯವಾಗಿ ನಿಲ್ಲಿಸಿದರೆ ಗದ್ದಕ್ಕೂ ಹಣೆಗೂ ನಡುವೆ ಬರುವ ಉದ್ದ ನೋಡುತ್ತಾರಂತೆ. ನಿನಗಿದು ಮೂರನೇ ಚಳಿಗಾಲ, ತಲೆ ಮೀರಿದ್ದು ಯಾಕೆ? ಸ್ಕೀಯ ನಡುಭಾಗದ ಅಗಲವನ್ನೂ ನೋಡು. 100 ಮಿಲಿಮೀಟರ್ ದಾಟಿದ್ದು ಆಳವಾದ ಹೊಸ ಹಿಮಕ್ಕೆ. ನೀನು ಜರ್ಮನಿಯ ಗಾರ್ಮಿಶ್‌ನಲ್ಲಿ ಇಳಿಯುವುದು ಯಂತ್ರದಿಂದ ಒತ್ತಿ ಸಮ ಮಾಡಿದ ಇಳಿಜಾರು, ಅಲ್ವಾ? ಅಲ್ಲಿಗೆ 70–80ರ ಆಸುಪಾಸಿನದು ಸಾಕು, ಬೇಗ ಹೊರಳುತ್ತದೆ.

ಆದರೆ ಅಳತೆ ಓದಿ ತಗೋಬೇಡ, ಹಾಕಿಕೊಂಡು ಇಳಿದು ನೋಡಿ ತಗೋ. ಹೊಸ ಮಾದರಿಗಳನ್ನು ಟೆಸ್ಟ್‌ಗೆ ಬಾಡಿಗೆ ಕೊಡುವ ಅಂಗಡಿಗಳಿವೆ. ಕೊಂಡರೆ ಎಷ್ಟೋ ಕಡೆ ಆ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತಾರೆ. ಒಂದೇ ದಿನ, ಒಂದೇ ಇಳಿಜಾರು, ನಿನ್ನದೇ ಬೂಟು, ಮೂರು ಜೋಡಿ ಸ್ಕೀ. ಅಂಚು ಮೊಂಡಾಗಿಲ್ಲ ತಾನೇ ಅಂತ ಮೊದಲೇ ಕೇಳು, ಇಲ್ಲದಿದ್ದರೆ ಒಳ್ಳೆಯ ಜೋಡಿಯೂ ಜಾರುತ್ತದೆ. ಬೆಳಿಗ್ಗೆ ಹಿಮ ಗಟ್ಟಿ, ಬಿಸಿಲೇರಿದ ಮೇಲೆ ಮೆತ್ತಗೆ. ಬೆಳಿಗ್ಗೆ ಇಷ್ಟವಾದದ್ದನ್ನು ಮಧ್ಯಾಹ್ನ, ಕಾಲು ಸೋತ ಮೇಲೆ ಇನ್ನೊಂದು ಸಲ ಹಾಕು. ಆಗಲೂ ನಿನ್ನ ಮಾತು ಕೇಳಿದರೆ ಅದೇ ನಿನ್ನದು.

ಇನ್ನೊಂದು. ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಕೂರಿಸುವವರು ತೂಕ, ಎತ್ತರ, ವಯಸ್ಸು, ಹೇಗೆ ಇಳಿಯುತ್ತೀ ಅಂತ ಕೇಳುತ್ತಾರೆ. ಜೋರಾಗಿ ಹೋಗುತ್ತೇನೆ ಅಂದರೆ ಬಿಗಿ ಜಾಸ್ತಿ ಮಾಡುತ್ತಾರೆ. ಬಿದ್ದಾಗ ಸ್ಕೀಯಿಂದ ಬೂಟು ಕಳಚಿಕೊಳ್ಳದಿದ್ದರೆ ತಿರುಚುವುದು ಮೊಣಕಾಲು. ನಿಜ ಹೇಳು. ಯಾರ ಮರ್ಯಾದೆ ಉಳಿಸಲೂ ಬೇಡ, ನಿಜ ಹೇಳು.

ಮತ್ತೆ ಪಾಠ ಶುರು ಮಾಡಿದೆ, ಗೊತ್ತು. ನಮ್ಮ ಮನೆಯಲ್ಲಿ ಹಿಮ ತುಳಿದವಳು ನೀನೇ ಮೊದಲು. ನಿನ್ನ ವಿಡಿಯೊವನ್ನು ನನ್ನ ಹಳೇ ಲೋಕಲ್ ಟ್ರೇನಿನ ಗೆಳೆಯರಿಗೆಲ್ಲ ತೋರಿಸಿದ್ದೇನೆ. ಶುಕ್ರವಾರದ ಸೇಲ್ ಹೋದರೆ ಹೋಗಲಿ. ಟೆಸ್ಟ್ ಬಾಡಿಗೆ ನಾನು ಕಳಿಸುತ್ತೇನೆ, ಬೇಡ ಅನ್ನಬೇಡ.

ಅಲ್ಲಿಯ ಚಳಿಗೆ ಆ ಮಣಿಕಟ್ಟು ಈಗಲೂ ನೋಯುತ್ತದಾ? ಕಳೆದ ವರ್ಷ ಬಂದಾಗ ಬಲಗೈಯಲ್ಲಿ ಉಜ್ಜಿಕೊಳ್ಳುತ್ತಿದ್ದೆ, ನೋಡಿದ್ದೇನೆ. ನೋಯುವುದಾದರೆ ನನಗೆ ಹೇಳು. ಬೂಟಿನ ವಿಷಯ ಅಮ್ಮನಿಗೆ ನಾಳೆ ಬೆಳಿಗ್ಗೆ ನಾನೇ ಹೇಳುತ್ತೇನೆ.

ನಿನ್ನ ಅಪ್ಪ